ಕ್ರ್ಯಾಕ್ ಸಾಫ್ಟ್‌ವೇರ್‌ನಿಂದ ಪೆಟ್ಟು ಬೀಳುವುದು ಯಾರಿಗೆ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಎರಡು ವಾರಗಳಿಂದ ವಾಚಕರ ಅಂಕಣದಲ್ಲಿ ಪೈರಸಿ, ಅಂದರೆ ದುಡ್ಡು ಕೊಡದೆ ಸಾಫ್ಟ್‌ವೇರ್ ನಕಲು ಮಾಡಿ ಬಳಸುವುದರ ಬಗ್ಗೆ ಪತ್ರಗಳು ಬರುತ್ತಿವೆ. ಒಬ್ಬರು ಕಳ್ಳತನ ಯಾವತ್ತೂ ಕಳ್ಳತನವೇ ಎಂದು ಬರೆದರು. ಇನ್ನೊಬ್ಬರು ಅಷ್ಟು ದೊಡ್ಡ ಕಂಪನಿಗೆ ನನ್ನೊಬ್ಬನಿಂದ ಏನು ನಷ್ಟ ಎಂದು ಕೇಳಿದರು. ಎರಡನ್ನೂ ಎರಡೆರಡು ಸಲ ಓದಿದೆ. ಎರಡರಲ್ಲೂ ಕಂಪನಿ ಇದೆ, ಬಳಸುವವರು ಇದ್ದಾರೆ. ಓಪನ್ ಸೋರ್ಸ್, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟು ಹಂಚುವ ಸಾಫ್ಟ್‌ವೇರ್ ಬರೆಯುವವರು ಮಾತ್ರ ಎಲ್ಲೂ ಇಲ್ಲ. ನನ್ನ ಅನುಭವದಲ್ಲಿ ಕ್ರ್ಯಾಕ್ ಮಾಡಿದ, ಅಂದರೆ ಬೀಗ ಮುರಿದು ಪುಕ್ಕಟೆ ಓಡುವಂತೆ ಮಾಡಿದ ಸಾಫ್ಟ್‌ವೇರ್‌ನಿಂದ ಜಾಸ್ತಿ ಪೆಟ್ಟು ತಿನ್ನುವವರು ಅವರೇ. ಅದಕ್ಕೇ ಈ ಪತ್ರ.

ನಾನು ವಿಡಿಯೊ ಎಡಿಟರ್. ಈ ಕೆಲಸಕ್ಕೆ ಬಂದು 17 ವರ್ಷ ಆಯಿತು. ಮೊದಲ ಹತ್ತು ವರ್ಷ ನಾನು ಬಳಸಿದ ಎಡಿಟಿಂಗ್ ಸಾಫ್ಟ್‌ವೇರ್, ಅದಕ್ಕೆ ಜೋಡಿಸುವ ಪ್ಲಗಿನ್, ಫಾಂಟ್ ಯಾವುದಕ್ಕೂ ದುಡ್ಡು ಕೊಟ್ಟಿರಲಿಲ್ಲ. ಕೆಲಸ ಕಲಿಸಿದವರೇ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟಿದ್ದರು. ನಾನೂ ಆಮೇಲೆ ಬೇರೆಯವರಿಗೆ ಹಾಗೇ ಹಾಕಿ ಕೊಟ್ಟೆ. ತಪ್ಪು ಮಾಡುತ್ತಿದ್ದೇನೆ ಎಂದು ಒಮ್ಮೆಯೂ ಅನ್ನಿಸಲಿಲ್ಲ.

2019ರಲ್ಲಿ ಒಂದು ಸಾಕ್ಷ್ಯಚಿತ್ರದ ಕೆಲಸ ನಡೆಯುತ್ತಿತ್ತು. ಗಡಿಯಾರ ರಿಪೇರಿ ಮಾಡುತ್ತಾ ಜೀವನ ಕಳೆದ ಒಬ್ಬ ಹಿರಿಯರ ಮಾತುಗಳು. ಒಟ್ಟು 14 ಗಂಟೆಯ ಫೂಟೇಜ್. ಚಿತ್ರೀಕರಣ ಮುಗಿದು ನಾಲ್ಕು ತಿಂಗಳಿಗೆ ಅವರು ತೀರಿಕೊಂಡರು. ಹಾಗಾಗಿ ಅದನ್ನು ಮತ್ತೆ ಶೂಟ್ ಮಾಡುವ ಮಾತೇ ಇರಲಿಲ್ಲ. ಒಂದು ರಾತ್ರಿ ಶಬ್ದದಲ್ಲಿದ್ದ ಗುಂಯ್‌ಗುಟ್ಟುವಿಕೆ ತೆಗೆಯಲು ಒಂದು ಪ್ಲಗಿನ್ ಬೇಕಾಯಿತು. ಕ್ರ್ಯಾಕ್ ಹುಡುಕಿದೆ. ಅದರ ಜೊತೆ ಬಂದ ಸೂಚನೆಯಲ್ಲಿ ಮೊದಲು ಆಂಟಿವೈರಸ್ ಆಫ್ ಮಾಡಿ ಎಂದಿತ್ತು. ಮಾಡಿದೆ. ಕ್ರ್ಯಾಕ್ ಬಳಸುವವರೆಲ್ಲ ಇದನ್ನು ಮಾಡುತ್ತೇವೆ, ಅಲ್ವಾ? ಬಾಗಿಲಿಗೆ ಹಾಕಿದ ಚಿಲಕವನ್ನು ನಾವೇ ತೆಗೆದು ಕೊಡುತ್ತೇವೆ.

ಬೆಳಿಗ್ಗೆ ನೋಡಿದರೆ ಪ್ರತಿ ಫೈಲಿನ ಹೆಸರಿನ ಕೊನೆಗೆ ಅರ್ಥವಿಲ್ಲದ ಅಕ್ಷರಗಳು ಅಂಟಿಕೊಂಡಿದ್ದವು. ಒಂದು ಫೈಲೂ ತೆರೆಯಲಿಲ್ಲ. ಪ್ರತಿ ಫೋಲ್ಡರ್‌ನಲ್ಲೂ ಒಂದೊಂದು ಚೀಟಿ. ಫೈಲ್ ವಾಪಸ್ ಬೇಕಾದರೆ 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ, 490 ಡಾಲರ್. ಇದು ಸ್ಟಾಪ್ ಅಥವಾ ಡಿಜೆವಿಯು ಎಂಬ ರ‍್ಯಾನ್ಸಮ್‌ವೇರ್ ಎಂದು ಆಮೇಲೆ ತಿಳಿಯಿತು. ಇದು ಹೆಚ್ಚಾಗಿ ಹರಡಿದ್ದೇ ಕ್ರ್ಯಾಕ್ ಮತ್ತು ಕಳ್ಳ ಲೈಸೆನ್ಸ್ ಕೀಲಿ ತಯಾರಿಸುವ ಕೀಜೆನ್‌ಗಳ ಮೂಲಕ. ದೊಡ್ಡ ಆಸ್ಪತ್ರೆ, ದೊಡ್ಡ ಕಂಪನಿ ಇದಕ್ಕೆ ಬೇಡ. ಪುಕ್ಕಟೆ ಸಾಫ್ಟ್‌ವೇರ್ ಹುಡುಕುವ ನನ್ನಂಥವರೇ ಬೇಕು. ಬ್ಯಾಕಪ್ ಡಿಸ್ಕ್ ಕೂಡ ಆ ರಾತ್ರಿ ಕಂಪ್ಯೂಟರ್‌ಗೆ ಜೋಡಿಸಿಯೇ ಇತ್ತು. ಅದೂ ಹೋಯಿತು.

ದುಡ್ಡು ಕೊಡಲಿಲ್ಲ. ಕೊಟ್ಟರೂ ಕೀಲಿ ಕೊಡುತ್ತಾರೆ ಎನ್ನುವುದಕ್ಕೆ ಏನು ಖಾತ್ರಿ? ಮೂರು ದಿನ ಓದುತ್ತಾ ಕುಳಿತೆ. ಆಗ ಒಂದು ವಿಷಯ ಗೊತ್ತಾಯಿತು. ಈ ವೈರಸ್ ಅವಸರದಲ್ಲಿರುತ್ತದೆ. ಯಾರಾದರೂ ಗಮನಿಸುವ ಮೊದಲು ಸಾವಿರಾರು ಫೈಲ್ ಮುಗಿಸಬೇಕಲ್ಲ. ಅದಕ್ಕೆ ಪ್ರತಿ ಫೈಲಿನ ಮೊದಲ ಸುಮಾರು 150 ಕಿಲೊಬೈಟ್ ಮಾತ್ರ ಕೆಡಿಸಿ ಮುಂದೆ ಹೋಗುತ್ತದೆ. ನನ್ನ ಒಂದೊಂದು ವಿಡಿಯೊ 4 ಗಿಗಾಬೈಟ್ ಹತ್ತಿರ ಇತ್ತು. ಅಂದರೆ ತಲೆ ಹೋಗಿತ್ತು, ಮೈ ಪೂರ್ತಿ ಹಾಗೇ ಉಳಿದಿತ್ತು. ಅದೇ ಕ್ಯಾಮೆರಾದಲ್ಲಿ ತೆಗೆದ ಒಂದು ಒಳ್ಳೆಯ ಫೈಲನ್ನು ಮಾದರಿಯಾಗಿ ತೋರಿಸಿದರೆ, ಕೆಟ್ಟ ಫೈಲನ್ನು ಮತ್ತೆ ಜೋಡಿಸಿ ಕೊಡುವ ಒಂದು ಪುಟ್ಟ ಓಪನ್ ಸೋರ್ಸ್ ಪ್ರೋಗ್ರಾಂ ಸಿಕ್ಕಿತು. ಯಾರೋ ತಮ್ಮ ಬಿಡುವಿನ ಸಮಯದಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ನಾಲ್ಕು ದಿನ, ನಾಲ್ಕು ರಾತ್ರಿ ಅದನ್ನು ಓಡಿಸಿದೆ. 14 ಗಂಟೆಯಲ್ಲಿ 11 ಗಂಟೆ ವಾಪಸ್ ಬಂತು. ಉಳಿದ 3 ಗಂಟೆಯನ್ನು ಎರವಲು ತಂದ ಬೇರೆ ಕ್ಯಾಮೆರಾದಲ್ಲಿ ತೆಗೆದಿದ್ದೆವು. ಆ ಕ್ಯಾಮೆರಾ ಆಗಲೇ ಕೆಟ್ಟು ಮೂಲೆ ಸೇರಿತ್ತು. ಮಾದರಿಗೆಂದು ಒಂದು ಫೈಲೂ ಸಿಗಲಿಲ್ಲ. ಆ ಮೂರು ಗಂಟೆಯಲ್ಲಿ ಅವರು ತಮ್ಮ ಗುರುಗಳ ಬಗ್ಗೆ ಮಾತಾಡಿದ್ದರು.

ನನ್ನ ಫೈಲ್ ಉಳಿಸಿದ ಆ ಪುಟ್ಟ ಪ್ರೋಗ್ರಾಂನ ಒಳಗೆ ಏನಿದೆ ಎಂದು ಆಮೇಲೆ ನೋಡಿದೆ. ಅದು ನಿಂತಿದ್ದು ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಓಪನ್ ಸೋರ್ಸ್ ಯೋಜನೆಯ ಮೇಲೆ. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ಡ್ ಎಂಬುವರು 2000ದಲ್ಲಿ ಶುರು ಮಾಡಿದ್ದು. ವಿಡಿಯೊ ಫೈಲನ್ನು ಬಿಚ್ಚುವುದು, ಕುಗ್ಗಿಸುವುದು, ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವುದು ಅದರ ಕೆಲಸ. ಇದರ ಹೆಸರು ಕೇಳದವರೂ ದಿನಾ ಇದನ್ನು ಬಳಸುತ್ತಾರೆ. ಕ್ರೋಮ್ ಬ್ರೌಸರ್ ಒಳಗೆ ಇದೆ. ವಿಎಲ್‌ಸಿ ಪ್ಲೇಯರ್ ಒಳಗೆ ಇದೆ. ಹತ್ತು ವರ್ಷ ವಿಡಿಯೊ ಕೆಲಸ ಮಾಡಿದ ನಾನು ಆ ಹೆಸರನ್ನು ಸರಿಯಾಗಿ ಓದಿದ್ದು ಅವತ್ತೇ.

ಹಾಗಾದರೆ ಅಷ್ಟು ವರ್ಷ ಒಂದು ಓಪನ್ ಸೋರ್ಸ್ ಎಡಿಟರ್ ಕೂಡ ಯಾಕೆ ಹಾಕಿ ನೋಡಲಿಲ್ಲ? ಉತ್ತರ ಸುಲಭ. ಕ್ರ್ಯಾಕ್ ಕೈಯಲ್ಲಿತ್ತು. ದುಬಾರಿ ಸಾಫ್ಟ್‌ವೇರ್‌ಗೂ ಬೆಲೆ ಸೊನ್ನೆ, ಓಪನ್ ಸೋರ್ಸ್‌ಗೂ ಬೆಲೆ ಸೊನ್ನೆ ಎಂದಾದಾಗ ಯಾರು ಹೊಸದನ್ನು ಕಲಿಯುವ ಕಷ್ಟಕ್ಕೆ ಹೋಗುತ್ತಾರೆ? ದುಬಾರಿಯದ್ದನ್ನು ಕೊಳ್ಳಲಾಗದ ಲಕ್ಷಾಂತರ ಜನ ನ್ಯಾಯವಾಗಿ ಓಪನ್ ಸೋರ್ಸ್ ಕಡೆ ಬರಬೇಕಿತ್ತು. ಬಂದಿದ್ದರೆ ಅವರಲ್ಲಿ ಕೆಲವರು ತಪ್ಪು ಕಂಡಾಗ ತಿಳಿಸುತ್ತಿದ್ದರು. ಕೆಲವರು ಪಾಠದ ವಿಡಿಯೊ ಮಾಡುತ್ತಿದ್ದರು. ಕೆಲವರು ನಾಲ್ಕು ಕಾಸು ಕೊಡುತ್ತಿದ್ದರು. ಕೋಡ್ ಗೊತ್ತಿದ್ದ ಯಾರೋ ಒಬ್ಬರು ಕೈ ಜೋಡಿಸುತ್ತಿದ್ದರು. ಕ್ರ್ಯಾಕ್ ಅಷ್ಟೂ ಜನರನ್ನು ದಾರಿಯಲ್ಲೇ ತಡೆಯಿತು.

ಕಂಪನಿಗಳಿಗೆ ಇದು ಗೊತ್ತಿಲ್ಲ ಅಂದುಕೊಳ್ಳಬೇಡಿ. 1976ರ ಫೆಬ್ರುವರಿಯಲ್ಲಿ ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಆಗ ಅವರಿಗೆ 20 ವರ್ಷ. ಆಲ್ಟೇರ್ ಕಂಪ್ಯೂಟರ್‌ಗೆ ತಾವು ಬರೆದ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ಅನ್ನು ಆಲ್ಟೇರ್ ಇದ್ದವರಲ್ಲಿ ಶೇ 10ಕ್ಕಿಂತ ಕಡಿಮೆ ಜನ ಕೊಂಡಿದ್ದಾರೆ, ನಿಮ್ಮಲ್ಲಿ ಹೆಚ್ಚಿನವರು ಕದಿಯುತ್ತೀರಿ ಎಂದು ಸಿಟ್ಟಿನಿಂದ ಬರೆದಿದ್ದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಕಷ್ಟಪಟ್ಟು ಮಾಡಿದ ಕೆಲಸ ಅದು. ಆದರೆ 22 ವರ್ಷದ ನಂತರ, 1998ರಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಮುಂದೆ ಅವರೇ ಚೀನಾದ ಪೈರಸಿ ಬಗ್ಗೆ ಬೇರೆ ಮಾತು ಹೇಳಿದರು. ಹೇಗಿದ್ದರೂ ಕದಿಯುತ್ತಾರೆ, ಕದಿಯುವುದಾದರೆ ನಮ್ಮದನ್ನೇ ಕದಿಯಲಿ, ಚಟ ಹತ್ತುತ್ತದೆ, ಮುಂದಿನ ಹತ್ತು ವರ್ಷದಲ್ಲಿ ಹೇಗೋ ವಸೂಲಿ ಮಾಡಿಕೊಳ್ಳುತ್ತೇವೆ ಎಂಬುದು ಅದರ ಸಾರ. 'ಏನು ನಷ್ಟ' ಎಂದು ಕೇಳಿದ ಓದುಗರು ಈ ಮಾತನ್ನು ನೋಡಬೇಕು. ಅವರ ಲೆಕ್ಕ ಸರಿ. ಕಂಪನಿಗೆ ಅವರಿಂದ ನಷ್ಟ ಇಲ್ಲ. ಕ್ರ್ಯಾಕ್ ಬಳಸಿ ಅವರು ಆ ಕಂಪನಿಯ ಮುಂದಿನ ಗಿರಾಕಿಯಾಗಿ ತಯಾರಾಗುತ್ತಿದ್ದಾರೆ. ನಾನೂ ಹಾಗೇ ತಯಾರಾಗಿದ್ದೆ. ಬೆರಳಿಗೆ ಒಂದೇ ಸಾಫ್ಟ್‌ವೇರ್‌ನ ಶಾರ್ಟ್‌ಕಟ್ ಅಂಟಿಕೊಂಡಿದ್ದವು. ಬೇರೆಯದನ್ನು ತೆರೆದರೆ ಕೈ ಓಡುತ್ತಿರಲಿಲ್ಲ.

ಇನ್ನು ಕಳ್ಳತನ ಕಳ್ಳತನವೇ ಎಂದ ಓದುಗರಿಗೆ ಒಂದು ಮಾತು. ಒಪ್ಪುತ್ತೇನೆ. ಆದರೆ ಆ ಮಾತನ್ನು ಕಂಪನಿಗಳಿಗೂ ಅಷ್ಟೇ ಜೋರಾಗಿ ಹೇಳಬೇಕು. ಓಪನ್ ಸೋರ್ಸ್ ಅಂದರೆ ಹೇಳುವವರು ಕೇಳುವವರು ಇಲ್ಲದ ಮಾಲು ಅಲ್ಲ. ಅದಕ್ಕೂ ಲೈಸೆನ್ಸ್ ಇದೆ. ಎಫ್‌ಎಫ್‌ಎಂಪೆಗ್ ಬಹುಪಾಲು ಎಲ್‌ಜಿಪಿಎಲ್ ಎಂಬ ಲೈಸೆನ್ಸ್‌ನಲ್ಲಿದೆ. ಬಳಸಿ, ಮಾರುವ ಸಾಫ್ಟ್‌ವೇರ್ ಜೊತೆಗೂ ಕೊಡಿ, ಆದರೆ ಈ ಭಾಗ ಎಫ್‌ಎಫ್‌ಎಂಪೆಗ್‌ನದು ಎಂದು ಹೇಳಿ, ಅದರ ಕೋಡನ್ನು, ಏನಾದರೂ ತಿದ್ದಿದ್ದರೆ ಆ ತಿದ್ದುಪಡಿ ಸಮೇತ ಕೊಡಿ ಎನ್ನುತ್ತದೆ. ಇಷ್ಟನ್ನೂ ಮಾಡದ ಕಂಪನಿಗಳು ಎಷ್ಟೋ ಇದ್ದವು. ಅವುಗಳ ಪಟ್ಟಿಯನ್ನೇ ಎಫ್‌ಎಫ್‌ಎಂಪೆಗ್‌ನವರು ಒಂದು ಕಾಲದಲ್ಲಿ ಪ್ರಕಟಿಸುತ್ತಿದ್ದರು.

ಇದರಲ್ಲಿ ನನಗೆ ತುಂಬಾ ಬೇಸರ ತಂದದ್ದು 2005ರ ಸೋನಿ ಬಿಎಂಜಿ ಪ್ರಕರಣ. ಹಾಡುಗಳನ್ನು ನಕಲು ಮಾಡಬಾರದು ಎಂದು ಅವರು ಸಿಡಿಗಳಲ್ಲಿ ಎಕ್ಸ್‌ಸಿಪಿ ಎಂಬ ಸಾಫ್ಟ್‌ವೇರ್ ಇಟ್ಟಿದ್ದರು. ದುಡ್ಡು ಕೊಟ್ಟು ಸಿಡಿ ಕೊಂಡವರು ಅದನ್ನು ಕಂಪ್ಯೂಟರ್‌ಗೆ ಹಾಕಿದರೆ, ಅದು ಒಳಗೆ ಇಳಿದು ತನ್ನನ್ನು ತಾನೇ ಬಚ್ಚಿಟ್ಟುಕೊಳ್ಳುತ್ತಿತ್ತು. ಮಾರ್ಕ್ ರುಸಿನೊವಿಚ್ ಎಂಬ ತಜ್ಞರು ಅಕ್ಟೋಬರ್ 31ರಂದು ಇದನ್ನು ಬಯಲು ಮಾಡಿದರು. ಒಂದು ನಿರ್ದಿಷ್ಟ ಅಕ್ಷರಗಳಿಂದ ಶುರುವಾಗುವ ಯಾವ ಫೈಲನ್ನಾದರೂ ಅದು ಮರೆಮಾಡುತ್ತಿತ್ತು. ಹಾಗಾಗಿ ಬೇರೆ ವೈರಸ್‌ಗಳೂ ಅದರ ಮರೆಯಲ್ಲಿ ಅಡಗಿಕೊಳ್ಳಬಹುದಿತ್ತು. ಆಮೇಲೆ ಅದರೊಳಗೆ ಇನ್ನೊಂದು ವಿಷಯ ಸಿಕ್ಕಿತು. ಲೇಮ್ ಎಂಬ ಓಪನ್ ಸೋರ್ಸ್ ಎಂಪಿ3 ಸಾಫ್ಟ್‌ವೇರ್‌ನ ಕೋಡ್ ಅಲ್ಲಿತ್ತು, ಲೈಸೆನ್ಸ್ ಕೇಳುವ ಯಾವುದನ್ನೂ ಪಾಲಿಸಿರಲಿಲ್ಲ. ನಕಲು ತಡೆಯುವ ಸಾಫ್ಟ್‌ವೇರ್‌ನಲ್ಲೇ ನಕಲು ಮಾಡಿದ ಕೋಡ್. ಕ್ರ್ಯಾಕ್ ಬಳಸಿದ ಹುಡುಗನಿಗೆ ಕಳ್ಳ ಎನ್ನುವ ನಾವು ಇದಕ್ಕೆ ಏನನ್ನಬೇಕು?

ಲೈಸೆನ್ಸ್ ಮುರಿಯದೆಯೂ ಕಂಪನಿಗಳು ಈ ಜನರನ್ನು ನಡೆಸಿಕೊಳ್ಳುವ ರೀತಿ ನೋಡಿ. 2024ರ ಏಪ್ರಿಲ್‌ನಲ್ಲಿ ಎಫ್‌ಎಫ್‌ಎಂಪೆಗ್ ತಂಡ ಒಂದು ವಿಷಯ ಹೊರಹಾಕಿತು. ಮೈಕ್ರೋಸಾಫ್ಟ್‌ನ ವಿಡಿಯೊ ಸಭೆಯ ಸಾಫ್ಟ್‌ವೇರ್ ಟೀಮ್ಸ್‌ಗೆ ಒಂದು ತೊಂದರೆ ಬಂದಿತ್ತು. ಅಲ್ಲಿನ ಉದ್ಯೋಗಿಯೊಬ್ಬರು ಇದು ತುರ್ತು ಎಂದು ಈ ಸ್ವಯಂಸೇವಕರ ಬಳಿ ಬಂದರು. ಹಾಗಾದರೆ ದೀರ್ಘಾವಧಿಯ ಬೆಂಬಲದ ಒಪ್ಪಂದ ಮಾಡಿಕೊಳ್ಳಿ ಎಂದು ತಂಡ ಕೇಳಿತು. ಸಿಕ್ಕ ಉತ್ತರ, ಒಂದೇ ಸಲಕ್ಕೆ ಕೆಲವು ಸಾವಿರ ಡಾಲರ್. ಮರುವರ್ಷ ಗೂಗಲ್ ತನ್ನ ಕೃತಕ ಬುದ್ಧಿಮತ್ತೆಯಿಂದ ಇದೇ ಎಫ್‌ಎಫ್‌ಎಂಪೆಗ್‌ನಲ್ಲಿ ಭದ್ರತಾ ದೋಷ ಹುಡುಕಿಸಿತು. ಅವುಗಳಲ್ಲಿ ಒಂದು, 1995ರ ಒಂದು ಆಟದ ವಿಡಿಯೊ ಓದುವ ಕೋಡ್‌ನಲ್ಲಿ ಇದ್ದದ್ದು. ದೋಷ ಹುಡುಕುವುದು ತಪ್ಪಲ್ಲ, ಒಳ್ಳೆಯದೇ. ಆದರೆ ವರದಿ ಜೊತೆ ಸರಿಪಡಿಸಿದ ಕೋಡ್ ಕೊಡಿ, ಇಲ್ಲವೇ ಸರಿಪಡಿಸುವವರಿಗೆ ಹಣ ಕೊಡಿ ಎಂದು ತಂಡ ಕೇಳಿತು. ನನಗೆ ಆ ಕೇಳಿಕೆಯಲ್ಲಿ ಒಂದು ಅಕ್ಷರವೂ ಜಾಸ್ತಿ ಅನ್ನಿಸಲಿಲ್ಲ.

ಹೀಗೆ ಒಂಟಿಯಾಗಿ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಎರಡು ಘಟನೆ ಸಾಕು. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ, ಆ ದೋಷವಿದ್ದ, ಇಂಟರ್ನೆಟ್‌ನ ದೊಡ್ಡ ಪಾಲಿಗೆ ಬೀಗ ಹಾಕುವ ಓಪನ್‌ಎಸ್‌ಎಸ್‌ಎಲ್ ಸಾಫ್ಟ್‌ವೇರ್‌ಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್ ಎಂದು ತಿಳಿಯಿತು. ಪೂರ್ಣಾವಧಿ ಕೆಲಸ ಮಾಡುತ್ತಿದ್ದವರು ಒಬ್ಬರೇ. ಹತ್ತು ವರ್ಷದ ನಂತರ ಎಕ್ಸ್‌ಝಡ್ ಪ್ರಕರಣ ನಡೆಯಿತು. ಅದು ಫೈಲ್ ಕುಗ್ಗಿಸುವ ಒಂದು ಸಣ್ಣ ಸಾಫ್ಟ್‌ವೇರ್. ನೋಡಿಕೊಳ್ಳುತ್ತಿದ್ದವರು ಒಬ್ಬರೇ, ದಣಿದಿದ್ದರು, ಮನಸ್ಸಿನ ಆರೋಗ್ಯ ಸರಿಯಿಲ್ಲ ಎಂದೂ ಹೇಳಿಕೊಂಡಿದ್ದರು. ಅವರ ಮೇಲೆ ಬೇರೆ ಬೇರೆ ಹೆಸರಿನಲ್ಲಿ ಕೆಲವರು ಒತ್ತಡ ಹಾಕಿದರು. ಅದೇ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನ ಖಾತೆ ಸಹಾಯ ಮಾಡುತ್ತೇನೆ ಎಂದು ಬಂತು. ಎರಡು ವರ್ಷಕ್ಕೂ ಜಾಸ್ತಿ ಕಾಲ ತಾಳ್ಮೆಯಿಂದ ನಂಬಿಕೆ ಗಳಿಸಿ, ಕೊನೆಗೆ ಒಂದು ಕಳ್ಳ ಬಾಗಿಲು ಇಟ್ಟಿತು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಅದನ್ನು ಜಗತ್ತಿಗೆ ತಿಳಿಸಿದರು. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ, ಯಾಕೆ ಎಂದು ಅವರು ಕೆದಕಿದ್ದರಿಂದ ಸಿಕ್ಕಿದ್ದು ಅದು. ಕೋಡ್ ತೆರೆದಿತ್ತು, ಹಾಗಾಗಿ ಕೆದಕಲು ಆಯಿತು. ಆ ದಣಿದ ಮನುಷ್ಯನ ಪಕ್ಕದಲ್ಲಿ ಇನ್ನೂ ಇಬ್ಬರು ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಜನ ಸುಮ್ನೆ ಪೈರಸಿಗೆ ಇಳಿಯುವುದಿಲ್ಲ ಎನ್ನುವುದನ್ನೂ ಒಪ್ಪುತ್ತೇನೆ. 2013ರಲ್ಲಿ, ಫೋಟೊಶಾಪ್ ಮಾಡುವ ಅಡೋಬಿ ಕಂಪನಿ ತನ್ನ ಮುಖ್ಯ ಸಾಫ್ಟ್‌ವೇರ್‌ಗಳನ್ನು ಬಾಡಿಗೆಗೆ ಮಾತ್ರ ಎಂದು ಬದಲಿಸಿತು. ಚಂದಾ ಮಧ್ಯದಲ್ಲಿ ಬಿಟ್ಟರೆ ಕಟ್ಟಬೇಕಾದ ಶುಲ್ಕವನ್ನು ಮರೆಮಾಚಿದೆ ಎಂದು 2024ರಲ್ಲಿ ಅಮೆರಿಕ ಸರ್ಕಾರ ಅದರ ಮೇಲೆ ದಾವೆ ಹೂಡಿತು. 2009ರಲ್ಲಿ ಅಮೆಜಾನ್, ಜನ ದುಡ್ಡು ಕೊಟ್ಟು ಕೊಂಡ ಇ-ಪುಸ್ತಕಗಳನ್ನು ಅವರವರ ಕಿಂಡಲ್ ಎಂಬ ಓದುವ ಸಾಧನದಿಂದ ದೂರದಿಂದಲೇ ಅಳಿಸಿ ಹಾಕಿತು. ಮಾರಿದವರಿಗೆ ಆ ಪುಸ್ತಕದ ಹಕ್ಕೇ ಇರಲಿಲ್ಲ ಎಂಬುದು ಕಾರಣ. ದುಡ್ಡು ವಾಪಸ್ ಕೊಟ್ಟರು, ಆಮೇಲೆ ಕ್ಷಮೆಯನ್ನೂ ಕೇಳಿದರು. ಆದರೂ ಕೊಂಡದ್ದು ನಮ್ಮದಲ್ಲ ಎಂದು ಗೊತ್ತಾದ ಮೇಲೆ ಕೊಳ್ಳುವವರ ಮನಸ್ಸು ಮುರಿಯುತ್ತದೆ. ಕೃತಕ ಬುದ್ಧಿಮತ್ತೆಯ ಕಂಪನಿಗಳದ್ದೂ ಇದೇ ಕಥೆ. ಪೈರಸಿ ತಾಣಗಳಿಂದ ಪುಸ್ತಕ ಇಳಿಸಿಕೊಂಡ ಮೊಕದ್ದಮೆಯಲ್ಲಿ ಆಂಥ್ರೊಪಿಕ್ 2025ರಲ್ಲಿ ಲೇಖಕರಿಗೆ 150 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ಇದನ್ನೆಲ್ಲ ನೋಡಿದವರು ನಾನೊಬ್ಬನೇ ಯಾಕೆ ಸರಿಯಾಗಿರಬೇಕು ಎಂದು ಕೇಳಿದರೆ ನನಗೆ ಕೋಪ ಬರುವುದಿಲ್ಲ.

ಆದರೆ ಆ ಸಿಟ್ಟಿಗೆ ಕ್ರ್ಯಾಕ್ ಔಷಧಿ ಅಲ್ಲ. ಬ್ಲೆಂಡರ್ ಕಥೆ ನೋಡಿ. ಮೂರು ಆಯಾಮದ ಅನಿಮೇಷನ್ ಮಾಡುವ ಸಾಫ್ಟ್‌ವೇರ್ ಅದು. 2002ರಲ್ಲಿ ಅದರ ಕಂಪನಿ ಮುಚ್ಚಿತು. ಹಕ್ಕು ಹೂಡಿಕೆದಾರರ ಕೈಯಲ್ಲಿತ್ತು. 1 ಲಕ್ಷ ಯೂರೊ ಕೊಟ್ಟರೆ ಕೋಡ್ ಬಿಟ್ಟುಕೊಡುತ್ತೇವೆ ಎಂದರು. ಅದನ್ನು ಕಟ್ಟಿದ ಟಾನ್ ರೂಸೆಂಡಾಲ್ ಬಳಕೆದಾರರ ಮುಂದೆ ಕೈಚಾಚಿದರು. ಏಳು ವಾರದಲ್ಲಿ ಹಣ ಕೂಡಿತು. ಆ ಅಕ್ಟೋಬರ್‌ನಲ್ಲಿ ಕೋಡ್ ಎಲ್ಲರದ್ದಾಯಿತು. 2025ರಲ್ಲಿ ಅನಿಮೇಷನ್ ಚಿತ್ರಕ್ಕೆ ಆಸ್ಕರ್ ಗೆದ್ದ ಲಾಟ್ವಿಯಾದ ನಿರ್ದೇಶಕರು ತಮ್ಮ ಚಿತ್ರ ಮಾಡಿದ್ದು ಇದೇ ಬ್ಲೆಂಡರ್‌ನಲ್ಲಿ. ಬಳಸುವವರು ತಾವಾಗಿಯೇ ದುಡ್ಡು ಹಾಕಿ ಒಂದು ಸಾಫ್ಟ್‌ವೇರ್ ಅನ್ನು ಬಿಡಿಸಿಕೊಂಡರು. ಆವತ್ತು ಅವರೆಲ್ಲ ಬೇರೆ ಸಾಫ್ಟ್‌ವೇರ್‌ನ ಕ್ರ್ಯಾಕ್ ಹಾಕಿಕೊಂಡು ಸುಮ್ಮನಾಗಿದ್ದರೆ?

ನಾನು ಈಗ ಕೆಡೆನ್‌ಲೈವ್ ಎಂಬ ಓಪನ್ ಸೋರ್ಸ್ ಎಡಿಟರ್ ಬಳಸುತ್ತೇನೆ. ಅದರ ಒಳಗೂ ಎಫ್‌ಎಫ್‌ಎಂಪೆಗ್ ಇದೆ. ಮೊದಲ ಎರಡು ತಿಂಗಳು ಕಷ್ಟವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಬಣ್ಣ ತಿದ್ದುವ ಕೆಲಸಕ್ಕೆ ಮಾತ್ರ ಒಂದು ಸಾಫ್ಟ್‌ವೇರ್ ದುಡ್ಡು ಕೊಟ್ಟು ಕೊಂಡಿದ್ದೇನೆ, ರಸೀದಿ ಇದೆ. ಪ್ರತಿ ತಿಂಗಳು ಮೊದಲ ವಾರ ಎರಡು ಓಪನ್ ಸೋರ್ಸ್ ಯೋಜನೆಗಳಿಗೆ ನನ್ನ ಕೈಲಾದಷ್ಟು ಕಳಿಸುತ್ತೇನೆ. ಕೋಡ್ ಬರೆಯಲು ನನಗೆ ಬರುವುದಿಲ್ಲ. ಆದರೆ ಕೊಡಲು ಬೇರೆ ದಾರಿಯೂ ಇದೆ ಎಂದು ತಡವಾಗಿ ಕಲಿತೆ. ಉಪಶೀರ್ಷಿಕೆ ಕೂರಿಸುವ ಒಂದು ಸಣ್ಣ ಪ್ರೋಗ್ರಾಂನಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಹೋಗುತ್ತಿದ್ದವು. 'ರಾಷ್ಟ್ರ' ಎಂದು ಬರೆದರೆ ರ ಒತ್ತು ಒಂದು ಕಡೆ, ಷ ಒಂದು ಕಡೆ. ಹಳೆಯ ನಾನಾಗಿದ್ದರೆ ಕೆಲಸಕ್ಕೆ ಬಾರದ್ದು ಎಂದು ತೆಗೆದು ಹಾಕುತ್ತಿದ್ದೆ. ಈ ಸಲ ಕೂತು 20 ಪದಗಳ ಪಟ್ಟಿ ಮಾಡಿದೆ. ಪ್ರತಿ ಪದ ಹೇಗೆ ಕಾಣಬೇಕು, ಹೇಗೆ ಕಾಣುತ್ತಿದೆ ಎಂದು ಚಿತ್ರ ಸಮೇತ ಕಳಿಸಿದೆ. ನೋಡಿಕೊಳ್ಳುವವರಿಗೆ ಕನ್ನಡ ಒಂದಕ್ಷರ ಗೊತ್ತಿಲ್ಲ. ಎರಡನೇ ದಿನ ಉತ್ತರ ಬಂತು, ಇನ್ನೂ ನಾಲ್ಕು ಪದ ಕೇಳಿದರು. ಹನ್ನೊಂದನೇ ದಿನ ಸರಿಯಾದ ಆವೃತ್ತಿ ಬಂತು. ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್‌ನವರಿಗೆ ಇಂಥದ್ದೇ ದೂರು ಬರೆದಿದ್ದೆ, ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಸಂಪಾದಕರಲ್ಲಿ ನನ್ನದೊಂದು ಕೋರಿಕೆ ಇದೆ. ನಿಮ್ಮ ತಂತ್ರಜ್ಞಾನ ಪುಟದಲ್ಲಿ ಹೊಸ ಸಾಫ್ಟ್‌ವೇರ್ ಬಗ್ಗೆ ಬರೆಯುವಾಗ ಅದರ ಬೆಲೆ ಹಾಕುತ್ತೀರಿ. ಅದರ ಕೆಳಗೆ ಇನ್ನೆರಡು ಸಾಲು ಹಾಕಿ. ಅದೇ ಕೆಲಸ ಮಾಡುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಯಾವುದು, ಅದಕ್ಕೆ ದೇಣಿಗೆ ಕೊಡುವುದು ಅಥವಾ ತಪ್ಪು ತಿಳಿಸುವುದು ಹೇಗೆ. ಬೆಲೆ ನೋಡಿ ಕ್ರ್ಯಾಕ್ ಹುಡುಕಲು ಹೊರಟ ಒಬ್ಬ ಹುಡುಗನೋ ಹುಡುಗಿಯೋ ಆ ಎರಡು ಸಾಲು ಓದಿ ನಿಲ್ಲಬಹುದು. ನನಗೆ 17 ವರ್ಷದ ಹಿಂದೆ ಅಂಥ ಎರಡು ಸಾಲು ಯಾರೂ ತೋರಿಸಿರಲಿಲ್ಲ.

ಪತ್ರದಲ್ಲಿ ನನ್ನ ತಪ್ಪುಗಳನ್ನೂ ಬರೆದಿರುವುದರಿಂದ ಹೆಸರು ಪ್ರಕಟಿಸಬಾರದಾಗಿ ವಿನಂತಿ.

ಇಂತಿ ನಿಮ್ಮ ಓದುಗಾರ್ತಿ,
ಒಬ್ಬ ವಿಡಿಯೊ ಎಡಿಟರ್